ತೂಕದ ಮುಳ್ಳು ನಿಂತರೆ ಊಟ ಬಿಡಬೇಡಿ

ಮುಗದ, ಕ್ಯಾರಕೊಪ್ಪ, ಕಂಬಾರಗಣವಿ, ನಿಗದಿ ಮತ್ತು ಸುತ್ತಲಿನ ಊರುಗಳಿಂದ ಧಾರವಾಡಕ್ಕೆ ಓದಲು, ದುಡಿಯಲು ಹೋಗಿಬರುವ ತಂಗಿಯರಿಗೂ ತಮ್ಮಂದಿರಿಗೂ,



ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ತೂಕದ ಮಷಿನ್ ಮೇಲೆ ನಿಲ್ಲುವವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ ಎಂಬುದು ನನಗೆ ಗೊತ್ತು. ಈ ಪತ್ರ ಮುಖ್ಯವಾಗಿ ನಿಮಗೆ. ತೂಕದ ಗೊಡವೆಯೇ ಇಲ್ಲದ ಪುಣ್ಯವಂತರೂ ಒಮ್ಮೆ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಬಸ್ಸಿನಲ್ಲಿ ನಿಮ್ಮ ಪಕ್ಕ ಕೂತ ಗೆಳತಿಗೋ, ರೂಮಿನ ಗೆಳೆಯನಿಗೋ ಇದರ ಅಗತ್ಯ ಬಿದ್ದೀತು.

ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ಹಳೆಯ ವಿದ್ಯಾರ್ಥಿಗಳು ಈಗಲೂ ಮನೆಗೆ ಬರುತ್ತಾರೆ. ಮೊದಲೆಲ್ಲ ಬಂದರೆ ಮಾರ್ಕ್ಸು, ಸೀಟು, ನೌಕರಿಯ ಮಾತು. ಈಚೆಗೆ ಚಹಾ ಮುಂದಿಟ್ಟರೆ "ಸಕ್ರಿ ಹಾಕೀರೇನ್ರಿ ಅಕ್ಕೋರ?" ಎಂಬ ಪ್ರಶ್ನೆ ಮೊದಲು ಬರುತ್ತದೆ. ತುಸು ಹೊತ್ತಿಗೆ ನಿಜವಾದ ದುಃಖ ಹೊರಬೀಳುತ್ತದೆ: "ಮೊದಲನೇ ತಿಂಗಳು ಛಲೋ ಇಳೀತ್ರಿ. ಈಗ ಎರಡು ತಿಂಗಳಾತು, ಏನ್ ಮಾಡಿದ್ರೂ ಒಂದು ಕೆಜಿನೂ ಇಳೀವಲ್ದು." ಏನೋ ತಪ್ಪು ಮಾಡಿದವರಂತೆ ತಲೆ ತಗ್ಗಿಸಿ ಹೇಳುತ್ತಾರೆ. ಅದರ ಬೆನ್ನಿಗೇ ಬರುವ ಮಾತು ನನ್ನನ್ನು ಹೆದರಿಸುತ್ತದೆ: "ಇನ್ನ ರಾತ್ರಿ ಊಟಾನೂ ಬಿಡಬೇಕಂತ ಮಾಡೇನ್ರಿ."

ಆ ಕೊನೆಯ ಮಾತನ್ನು ತಡೆಯಲೆಂದೇ ಇಷ್ಟುದ್ದದ ಪತ್ರ. ತೂಕ ಇಳಿಯುತ್ತ ಇಳಿಯುತ್ತ ಒಂದು ಕಡೆ ನಿಲ್ಲುವುದು ಆರೋಗ್ಯವಂತ ದೇಹದ ಲಕ್ಷಣ. ಅಲ್ಲಿಂದ ಮುಂದೆ ತಟ್ಟೆಯನ್ನು ಇನ್ನಷ್ಟು ಬರಿದು ಮಾಡುತ್ತ ಹೋದರೆ ಇಳಿಯುವುದು ಕೊಬ್ಬಿಗಿಂತ ಹೆಚ್ಚಾಗಿ ನಿಮ್ಮ ಕಸುವು, ನಿಮ್ಮ ನಿದ್ದೆ, ನಿಮ್ಮ ನಗು. ಯಾಕೆಂದು ಹೇಳುತ್ತೇನೆ. ಹಳೆಯ ಚಟ, ಪಾಠದ ಧಾಟಿ ಬಂದರೆ ಸಹಿಸಿಕೊಳ್ಳಿ.

ಮೊದಲ ವಾರದಲ್ಲಿ ಎರಡು ಕೆಜಿ ಇಳಿಯಿತೆಂದು ನೀವು ಕುಣಿದಿರಲ್ಲ, ಅದರಲ್ಲಿ ಬಹುಪಾಲು ನೀರು. ನಮ್ಮ ಪಿತ್ತಜನಕಾಂಗ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಅದರ ಒಂದೊಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಅನ್ನ, ರೊಟ್ಟಿ ಬಿಟ್ಟ ಕೂಡಲೇ ದೇಹ ಆ ದಾಸ್ತಾನು ತೆಗೆದು ಬಳಸುತ್ತದೆ, ನೀರು ಹೊರಗೆ ಹೋಗುತ್ತದೆ, ಮಷಿನ್‌ನಲ್ಲಿ ಅಂಕಿ ಸರ್ರನೆ ಇಳಿಯುತ್ತದೆ. ಮತ್ತೆ ಒಂದು ದಿನ ಹೊಟ್ಟೆ ತುಂಬ ಉಂಡರೆ ಅಷ್ಟೂ ನೀರು ವಾಪಸು. ಆ ಮೊದಲ ವಾರದ ಓಟವನ್ನೇ ಲೆಕ್ಕಕ್ಕೆ ಹಿಡಿದು ವರ್ಷವಿಡೀ ಹಾಗೇ ಇಳಿಯಬೇಕೆಂದು ಕಾಯುವುದರಿಂದಲೇ ಅರ್ಧ ಸಂಕಟ ಹುಟ್ಟುತ್ತದೆ.

ನಿಜವಾಗಿ ಕೊಬ್ಬು ಕರಗತೊಡಗಿದಾಗ ದೇಹ ಸುಮ್ಮನಿರುವುದಿಲ್ಲ. ಪಗಾರ ಕಡಿಮೆಯಾದ ತಿಂಗಳು ನಿಮ್ಮ ಅವ್ವ ಏನು ಮಾಡುತ್ತಾಳೆ? ಯಾರಿಗೂ ಹೇಳದೆ ಖರ್ಚು ಹಿಡಿಯುತ್ತಾಳೆ. ದೇಹವೂ ಅದನ್ನೇ ಮಾಡುತ್ತದೆ. ಹಗುರಾದ ಮೈಗೆ ಮೊದಲಿನಷ್ಟು ಉರುವಲು ಬೇಡ, ಅದು ಸಹಜ ಲೆಕ್ಕ. ಅದರ ಮೇಲೂ ದೇಹ ಒಂದಿಷ್ಟು ಕಡಿತ ಮಾಡುತ್ತದೆ: ನಾಡಿ ನಿಧಾನವಾಗುತ್ತದೆ, ಮೈ ತಣ್ಣಗಾಗುತ್ತದೆ, ನಿಮಗೆ ಗೊತ್ತಿಲ್ಲದೆಯೇ ನೀವು ಕಡಿಮೆ ಓಡಾಡುತ್ತೀರಿ. ಕೊಬ್ಬಿನ ಕೋಶಗಳು "ದಾಸ್ತಾನು ಸಾಕಷ್ಟಿದೆ" ಎಂದು ಮೆದುಳಿಗೆ ಹೇಳುವುದು ಲೆಪ್ಟಿನ್ ಎಂಬ ಹಾರ್ಮೋನಿನ ಮೂಲಕ. ಅಮೆರಿಕದ ಜೆಫ್ರಿ ಫ್ರೀಡ್‌ಮನ್ ತಂಡ 1994ರಲ್ಲಿ ಅದನ್ನು ಕಂಡುಹಿಡಿಯಿತು. ತೂಕ ಇಳಿದಾಗ ಲೆಪ್ಟಿನ್ ಕುಸಿಯುತ್ತದೆ, ಹಸಿವು ಹುಟ್ಟಿಸುವ ಗ್ರೆಲಿನ್ ಏರುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಥ್ಯ ಮಾಡಿ ತೂಕ ಇಳಿಸಿದವರಲ್ಲಿ ಈ ಏರುಪೇರು ಒಂದು ವರ್ಷದ ನಂತರವೂ ಸರಿಹೋಗಿರಲಿಲ್ಲ. ಖರ್ಚು ಇಳಿಯುತ್ತ, ಹಸಿವು ಏರುತ್ತ ಎರಡೂ ಒಂದು ಕಡೆ ಸಮ ಆಗುತ್ತವೆ. ಅಲ್ಲಿ ತೂಕದ ಮುಳ್ಳು ನಿಲ್ಲುತ್ತದೆ. ನಿಮ್ಮ ಛಲ ಕಡಿಮೆಯಾಯಿತೆಂದಲ್ಲ.

ಛಲದ ಮಾತು ಬಂತು. ಅಮೆರಿಕದಲ್ಲಿ 'ದಿ ಬಿಗ್ಗೆಸ್ಟ್ ಲೂಸರ್' ಎಂಬ ಟಿವಿ ಸ್ಪರ್ಧೆ ಇತ್ತು. ಯಾರು ಹೆಚ್ಚು ತೂಕ ಇಳಿಸುತ್ತಾರೋ ಅವರಿಗೆ ಬಹುಮಾನ. ಅದರಲ್ಲಿ ಪಾಲ್ಗೊಂಡ 14 ಮಂದಿಯನ್ನು ಆರು ವರ್ಷಗಳ ನಂತರ ಕೆವಿನ್ ಹಾಲ್ ಎಂಬ ವಿಜ್ಞಾನಿಯ ತಂಡ ಮತ್ತೆ ಪರೀಕ್ಷಿಸಿ 2016ರಲ್ಲಿ ವರದಿ ಮಾಡಿತು. ಹೆಚ್ಚಿನವರ ತೂಕ ಬಹುಮಟ್ಟಿಗೆ ಮರಳಿ ಬಂದಿತ್ತು. ಆದರೂ ಅವರ ದೇಹ, ಅಷ್ಟೇ ಗಾತ್ರದ ದೇಹದಿಂದ ನಿರೀಕ್ಷಿಸುವುದಕ್ಕಿಂತ ದಿನಕ್ಕೆ ಸರಾಸರಿ 500 ಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತಿತ್ತು. ಕೋಟಿಗಟ್ಟಲೆ ಜನರೆದುರು, ತರಬೇತುದಾರರ ಕಾವಲಿನಲ್ಲಿ, ಹಗಲಿರುಳು ಬೆವರು ಸುರಿಸಿದವರ ಗತಿ ಇದು. ಧಾರವಾಡದ ಸಪ್ತಾಪುರದ ಪಿಜಿಯಲ್ಲಿ ಕೂತು ರಾತ್ರಿ ಊಟ ಬಿಟ್ಟು ನೀವು ದೇಹವನ್ನು ಮಣಿಸುತ್ತೀರಿ ಎಂದರೆ ನಾನು ಹೇಗೆ ನಂಬಲಿ?

ನಮ್ಮ ದೇಹಕ್ಕೆ ಬರವೂ ಡಯೆಟ್ಟೂ ಒಂದೇ. ನಮ್ಮ ಧಾರವಾಡ ಸೀಮೆಯನ್ನು 1876ರಿಂದ 78ರ ಮಹಾ ಬರ ಹಿಂಡಿತು. ಆಗ ಸರ್ಕಾರದ ಬರಗಾಲದ ಕಾಮಗಾರಿಗಳಲ್ಲಿ ಕಲ್ಲು ಹೊತ್ತವರಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದಲ್ಲಿ ಬದುಕಬಹುದೆಂದು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಲೆಕ್ಕ ಹಾಕಿ ಕೊಟ್ಟಿದ್ದ. ಎಷ್ಟು ಕಡಿಮೆ ಉಂಡರೆ ಮನುಷ್ಯ ಬದುಕಿಯಾನು ಎಂಬ ಲೆಕ್ಕವನ್ನು ಪರಕೀಯರು ನಮ್ಮ ಹಿರಿಯರ ಮೇಲೆ ಹೇರಿದ್ದರು. ಅದೇ ಲೆಕ್ಕವನ್ನು ಇಂದು ನೀವು ಮೊಬೈಲಿನ ಆ್ಯಪ್‌ನಲ್ಲಿ ನಿಮ್ಮ ಮೇಲೆ ನೀವೇ ಹೇರಿಕೊಳ್ಳುತ್ತಿದ್ದೀರಿ.

ಅರೆಹೊಟ್ಟೆ ಮನಸ್ಸಿಗೆ ಏನು ಮಾಡುತ್ತದೆ ಎಂಬುದಕ್ಕೂ ಪುರಾವೆ ಇದೆ. 1944–45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ತರುಣರ ಮೇಲೆ ಪ್ರಯೋಗ ನಡೆಸಿದರು. ಯುದ್ಧದಲ್ಲಿ ಕೊಲ್ಲಲು ಒಪ್ಪದೆ, ಅದರ ಬದಲು ಹಸಿವನ್ನು ಒಪ್ಪಿಕೊಂಡು ಬಂದವರು ಅವರು. 24 ವಾರ ಅವರಿಗೆ ಅರೆಹೊಟ್ಟೆ: ದಿನಕ್ಕೆ ಸುಮಾರು 1570 ಕ್ಯಾಲೊರಿ. ತೂಕ ಸುಮಾರು ಕಾಲುಭಾಗ ಇಳಿಯಿತು. ಅದಕ್ಕಿಂತ ಹೆಚ್ಚು ಬದಲಾದದ್ದು ಅವರ ತಲೆ. ಹಗಲೆಲ್ಲ ಊಟದ್ದೇ ಧ್ಯಾನ, ರಾತ್ರಿ ಊಟದ್ದೇ ಕನಸು. ಅಡುಗೆ ಪುಸ್ತಕ ಕೂಡಿಡತೊಡಗಿದರು. ಒಂದು ತಟ್ಟೆ ಊಟವನ್ನು ಗಂಟೆಗಟ್ಟಲೆ ಎಳೆದಾಡಿ, ಕೊನೆಗೆ ತಟ್ಟೆ ನೆಕ್ಕಿದರು. ಗೆಳೆತನ, ಹಾಸ್ಯ, ಓದು ಎಲ್ಲ ಬೇಡವಾಯಿತು. ಸಣ್ಣ ಮಾತಿಗೆ ಸಿಡುಕು, ಕಾರಣವಿಲ್ಲದ ಅಳು. ಮತ್ತೆ ಉಣ್ಣಲು ಕೊಟ್ಟ ಮೇಲೂ ಎಷ್ಟೋ ಮಂದಿಗೆ ತಿಂಗಳುಗಟ್ಟಲೆ ಹೊಟ್ಟೆ ತುಂಬಿದ ಸಮಾಧಾನ ಬರಲಿಲ್ಲ. ಅವರಿಗೆ ಬರಗಾಲವೆಂದು ಕೊಟ್ಟದ್ದು 1570 ಕ್ಯಾಲೊರಿ. ರೀಲ್ಸ್‌ನಲ್ಲಿ ನಿಮಗೆ ಹೇಳುವ 'ಸಾವಿರದ ಇನ್ನೂರರ ಡಯೆಟ್' ಅದಕ್ಕಿಂತಲೂ ಕಡಿಮೆ. ರಾತ್ರಿ ಹನ್ನೆರಡಕ್ಕೆ ನಿದ್ದೆ ಬಾರದೆ ಕೇಕ್ ಮಾಡುವ ವಿಡಿಯೊ ನೋಡುತ್ತ ಮಲಗಿರುತ್ತೀರಲ್ಲ, ಅದು ನಿಮ್ಮ ದೌರ್ಬಲ್ಯ ಎಂದು ಬೈದುಕೊಳ್ಳಬೇಡಿ. ಆ 36 ಮಂದಿ ಗಟ್ಟಿಗರಿಗೂ ಅದೇ ಆಗಿತ್ತು.

ನಾನು ಕಣ್ಣಾರೆ ಕಂಡದ್ದನ್ನೂ ಹೇಳಬೇಕು. ನನ್ನ ಹತ್ತಿರ ಕಲಿತ ಒಬ್ಬ ಹುಡುಗಿ, ಹೆಸರು, ಊರು ಬೇಡ, ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಧಾರವಾಡದಲ್ಲಿ ರೂಮು ಮಾಡಿಕೊಂಡಿದ್ದಳು. ಮದುವೆಯೊಂದರಲ್ಲಿ ಯಾರೋ "ಅವ್ವನ್ನ ಮೀರಿಸಿದೆಲ್ಲವಾ" ಎಂದು ನಕ್ಕರಂತೆ. ಅಲ್ಲಿಂದ ಶುರು. ಮೊದಲು ಸಿಹಿ ಬಿಟ್ಟಳು, ಆಮೇಲೆ ಅನ್ನ, ಆಮೇಲೆ ರೊಟ್ಟಿ. ತೂಕ ಇಳಿಯಿತು, ಎಲ್ಲರೂ ಹೊಗಳಿದರು. ನಿಂತಾಗ ಬೆಳಗಿನ ನಾಷ್ಟಾ ಬಿಟ್ಟಳು. ಮತ್ತೆ ನಿಂತಾಗ ದಿನಕ್ಕೆ ಎರಡು ಸೌತೆಕಾಯಿ, ಒಂದು ಲೋಟ ಮಜ್ಜಿಗೆಗೆ ಬಂದಳು. ನಮ್ಮ ಮನೆಗೆ ಬಂದಾಗ ಮೇ ತಿಂಗಳ ಸೆಕೆಯಲ್ಲೂ ಸ್ವೆಟರ್ ಹಾಕಿದ್ದಳು. ಬಾಚಣಿಕೆ ಹಿಡಿದರೆ ಕೂದಲು ಕೈತುಂಬ ಬರುತ್ತಿತ್ತು. ಮುಟ್ಟು ನಿಂತು ಐದು ತಿಂಗಳಾಗಿತ್ತು. ಅದನ್ನು ಆಕೆ ಯಾರಿಗೂ ಹೇಳಿರಲಿಲ್ಲ; ಓದಿದ ಒಂದು ಪುಟವೂ ತಲೆಯಲ್ಲಿ ನಿಲ್ಲುವುದಿಲ್ಲ ಎಂಬುದಷ್ಟೇ ಅವಳ ದೂರು. ಹೊಟ್ಟೆಗಿಲ್ಲದ ತಲೆಯಲ್ಲಿ ಪುಟ ಎಲ್ಲಿ ನಿಲ್ಲಬೇಕು? ಆಕೆಯ ತಂದೆ-ತಾಯಿಯನ್ನು ಕೂರಿಸಿ ಮಾತಾಡಿ, ಡಾಕ್ಟರ ಹತ್ತಿರ ಕಳಿಸಿದೆವು. ಮನೋವೈದ್ಯರೂ ಆಹಾರತಜ್ಞರೂ ಕೂಡಿ ನೋಡಿಕೊಂಡರು. ವರ್ಷದ ಮೇಲೆ ಹಿಡಿಯಿತು, ಈಗ ನೌಕರಿಯಲ್ಲಿದ್ದಾಳೆ. ಮದುವೆಯಲ್ಲಿ ನಕ್ಕವರಿಗೆ ಇದ್ಯಾವುದೂ ಗೊತ್ತಿಲ್ಲ.

ಎಲ್ಲರ ಕಥೆ ಹೀಗೆ ಸುಖವಾಗಿ ಮುಗಿಯುವುದಿಲ್ಲ. 2022ರ ಮೇ ತಿಂಗಳಲ್ಲಿ ಕನ್ನಡ ಕಿರುತೆರೆಯ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ವಯಸ್ಸು 21. 2025ರ ಮಾರ್ಚ್‌ನಲ್ಲಿ ಕೇರಳದ ಕಣ್ಣೂರು ಜಿಲ್ಲೆಯ 18ರ ಕಾಲೇಜು ಹುಡುಗಿಯೊಬ್ಬಳು ದಪ್ಪಗಾಗುತ್ತೇನೆಂಬ ಭಯಕ್ಕೆ ಊಟ ಬಿಡುತ್ತ ಬಿಡುತ್ತ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದಳು. ಅನೊರೆಕ್ಸಿಯಾ ಎನ್ನುವ ಆ ಕಾಯಿಲೆ, ಮನಸ್ಸಿನ ಕಾಯಿಲೆಗಳಲ್ಲೇ ಅತಿ ಹೆಚ್ಚು ಜೀವ ತೆಗೆಯುವವುಗಳ ಸಾಲಿನಲ್ಲಿದೆ. ಶ್ರೀಮಂತರ ಮನೆಯ, ವಿದೇಶದ ಕಾಯಿಲೆ ಎಂದು ನಾವೆಲ್ಲ ಅದನ್ನು ದೂರ ಇಟ್ಟಿದ್ದೆವು. ಕಣ್ಣೂರು ನಮಗೆ ದೂರವಲ್ಲ.

ತಮ್ಮಂದಿರೇ, ಇದು ಹೆಣ್ಣುಮಕ್ಕಳ ವಿಷಯ ಎಂದು ಪುಟ ತಿರುವಬೇಡಿ. ಜಿಮ್ಮಿನ ಕನ್ನಡಿ ಎದುರು ದಿನಕ್ಕೆ ಹತ್ತು ಸಲ ತೋಳು ಅಳೆಯುವ ನಿಮ್ಮ ಕಷ್ಟವೂ ಇದೇ ಜಾತಿಯದು. ಕುಸ್ತಿಯ ನಾಡಿನವರಾದ ನಿಮಗೆ 2024ರ ಆಗಸ್ಟ್ 7 ನೆನಪಿರಲೇಬೇಕು. ಪ್ಯಾರಿಸ್ ಒಲಿಂಪಿಕ್ಸ್ ಫೈನಲ್ ತಲುಪಿದ್ದ ವಿನೇಶ್ ಫೋಗಟ್ ಅವರನ್ನು 50 ಕೆಜಿ ವಿಭಾಗದಲ್ಲಿ ಬರೀ 100 ಗ್ರಾಂ ಹೆಚ್ಚಿಗೆ ತೂಗಿದರೆಂದು ಹೊರಗಿಟ್ಟರು. ರಾತ್ರಿಯಿಡೀ ಅನ್ನ ನೀರು ಬಿಟ್ಟು, ಬೆವರು ಇಳಿಸಿ, ಕೂದಲನ್ನೂ ಕತ್ತರಿಸಿದ್ದರು. ಮರುದಿನ ಆಸ್ಪತ್ರೆಯಲ್ಲಿ ಸಲಾಯಿನ್ ಹಚ್ಚಬೇಕಾಯಿತು. ಹಿಂದಿನ ದಿನ ಮೂರು ಮಂದಿ ಘಟಾನುಘಟಿಗಳನ್ನು ಸೋಲಿಸಿದ ಅವರ ಕಸುವು ಆ 100 ಗ್ರಾಮಿನಲ್ಲಿ ಇತ್ತೇ? ಅರ್ಧ ಲೋಟ ನೀರು ಅದು. ಸ್ಪರ್ಧೆಗೆ ನಿಯಮ ಬೇಕು, ಸರಿ. ನಿಮ್ಮ ಬಾಳಿಗೆ ಅಂಥ ನಿಯಮ ಹಾಕಿದವರು ಯಾರು?

ಇನ್ನು ದಿನದಿನದ ಏರಿಳಿತದ ಮಾತು. ಮುಟ್ಟಿನ ದಿನಗಳ ಹಿಂದುಮುಂದು ಮೈಯಲ್ಲಿ ಒಂದೆರಡು ಕೆಜಿ ನೀರು ನಿಲ್ಲುವುದುಂಟು. ಉಪ್ಪಿನಕಾಯಿ ಎರಡು ಚಮಚ ಹೆಚ್ಚಾದರೆ, ಮಲಬದ್ಧತೆಯಾದರೆ, ಹೊಸದಾಗಿ ಭಾರ ಎತ್ತಿ ಸ್ನಾಯು ನೋಯುತ್ತಿದ್ದರೆ ತೂಕ ಏರಿದಂತೆ ಕಾಣುತ್ತದೆ. ಹಾಗಾಗಿ ನಿನ್ನೆಗೂ ಇವತ್ತಿಗೂ ನಡುವಿನ ಅರ್ಧ ಕೆಜಿಗೆ ಯಾವ ಅರ್ಥವೂ ಇಲ್ಲ. ನಾವು ಚಿಕ್ಕವರಿದ್ದಾಗ ದೊಡ್ಡ ರೈಲು ನಿಲ್ದಾಣಗಳಲ್ಲಿ ಬಣ್ಣದ ದೀಪದ ಮಷಿನ್ ಇರುತ್ತಿತ್ತು. ನಾಣ್ಯ ಹಾಕಿದರೆ ಚೀಟಿ ಬೀಳುತ್ತಿತ್ತು. ಒಂದು ಮಗ್ಗುಲಿಗೆ ತೂಕ, ಇನ್ನೊಂದು ಮಗ್ಗುಲಿಗೆ ಭವಿಷ್ಯ. ವರ್ಷಕ್ಕೊಮ್ಮೆ ಯಾವುದೋ ಪ್ರಯಾಣದಲ್ಲಿ ತೂಗಿಸಿಕೊಂಡು, ಭವಿಷ್ಯ ಓದಿ ನಕ್ಕು, ಚೀಟಿ ಎಸೆಯುತ್ತಿದ್ದೆವು. ನೀವು ತೂಕದ ಅಂಕಿಯನ್ನೇ ಭವಿಷ್ಯವೆಂದು ದಿನಾ ಓದುತ್ತಿದ್ದೀರಿ.

ಹಾಗಾದರೆ ತೂಕಕ್ಕೂ ಆರೋಗ್ಯಕ್ಕೂ ಸಂಬಂಧವೇ ಇಲ್ಲವೇ ಎಂದು ಕೇಳುವಿರಿ. ಇದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ನೋವು ಇರುವವರಿಗೆ ತುಸು ತೂಕ ಇಳಿದರೂ ಲಾಭವಾಗುತ್ತದೆ, ಡಾಕ್ಟರ್ ಹೇಳಿದ್ದರೆ ಕೇಳಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಮಂದಿ ಹೆಚ್ಚು ತೂಕದವರು. ಆದರೆ ಅದೇ ಸಮೀಕ್ಷೆಯ ಪ್ರಕಾರ ನೂರಕ್ಕೆ ಸುಮಾರು 17 ಮಂದಿ ಇರಬೇಕಾದ್ದಕ್ಕಿಂತ ತೆಳ್ಳಗಿದ್ದಾರೆ, ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ. ಅರ್ಧದಷ್ಟು ಹೆಂಗಸರಿಗೆ ರಕ್ತವೇ ಸಾಲದ ನಾಡಿನಲ್ಲಿ, ಯಾರನ್ನೂ ಕೇಳದೆ ಊಟ ಬಿಡುವುದು ಆರೋಗ್ಯದ ದಾರಿ ಆಗಲಾರದು.

ನನಗೆ ಬಹಳ ಧೈರ್ಯ ಕೊಟ್ಟ ಸಂಗತಿಯೊಂದು ನಮ್ಮ ನೆರೆಯ ಚೆನ್ನೈನಲ್ಲಿ ನಡೆದದ್ದು. ಡಾ. ಎ. ರಾಮಚಂದ್ರನ್ ಅವರ ತಂಡ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಗುಂಪು ಮಾಡಿ ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಒಂದು ಗುಂಪಿಗೆ ಹೇಳಿದ್ದು ಸರಳ: ದಿನಾ ನಡೆಯಿರಿ, ಸಕ್ಕರೆ-ಎಣ್ಣೆ ಕಡಿಮೆ ಮಾಡಿ, ನಾರಿನಂಶ ಹೆಚ್ಚು ಮಾಡಿ. ಸಲಹೆ ಇಲ್ಲದ ಗುಂಪಿಗೆ ಹೋಲಿಸಿದರೆ ಇವರಲ್ಲಿ ಕಾಯಿಲೆ ಬರುವ ಸಂಭವ ನೂರಕ್ಕೆ ಸುಮಾರು 28ರಷ್ಟು ಕಡಿಮೆಯಾಯಿತು. ಸೋಜಿಗದ ಮಾತೆಂದರೆ ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲೇ ಇಲ್ಲ. ಮುಳ್ಳು ನಿಂತಲ್ಲೇ ನಿಂತಿತ್ತು, ಮೈಯೊಳಗೆ ಒಳ್ಳೆಯದು ಆಗುತ್ತಲೇ ಇತ್ತು. ತೂಕ ನಿಂತಿತೆಂದು ನಡಿಗೆಯನ್ನೂ ಪಲ್ಯವನ್ನೂ ಕೈಬಿಟ್ಟಿದ್ದರೆ ಅವರು ಏನೆಲ್ಲ ಕಳೆದುಕೊಳ್ಳುತ್ತಿದ್ದರು ಎಂದು ಯೋಚಿಸಿ.

ಇನ್ನು ಪುಡಿ, ಮಾತ್ರೆ ಮಾರುವವರ ಮಾತು. ಮುಗದದಿಂದ ಹಳಿಯಾಳದ ಕಡೆ ದಾಟಿದರೆ ಉತ್ತರ ಕನ್ನಡ. ಅಲ್ಲಿಯ ಕಾಡಿನ ಉಪ್ಪಾಗೆ ನಿಮಗೆ ಗೊತ್ತಿರಬಹುದು. ಬೀಜದಿಂದ ತುಪ್ಪ ತೆಗೆಯುತ್ತಾರೆ, ಸಿಪ್ಪೆ ಹುಳಿಗೆ ಬರುತ್ತದೆ. ಆ ಸಿಪ್ಪೆಯ ಆಮ್ಲ ಕೊಬ್ಬು ಕರಗಿಸುತ್ತದೆಂದು 1990ರ ದಶಕದಲ್ಲಿ ವಿದೇಶಗಳಲ್ಲಿ 'ಗಾರ್ಸೀನಿಯಾ' ಮಾತ್ರೆಯ ಹುಚ್ಚು ಹಬ್ಬಿತು. ಇಲ್ಲಿ ಸಿಪ್ಪೆಗೆ ಬೆಲೆ ಏರಿತು, ಕಾಯಿಗಾಗಿ ಕಾಡಿನಲ್ಲಿ ಪೈಪೋಟಿ ಬಿದ್ದಿತು, ಮಳೆಗಾಲದಲ್ಲಿ ಒಣಗಿಸಲು ಗಾಡಿಗಟ್ಟಲೆ ಕಟ್ಟಿಗೆ ಸುಟ್ಟರು. 1998ರಲ್ಲಿ ಅಮೆರಿಕದ ವೈದ್ಯರು 135 ಮಂದಿಯ ಮೇಲೆ 12 ವಾರ ಪರೀಕ್ಷಿಸಿ ನೋಡಿದರೆ, ಉಪ್ಪಾಗೆ ಮಾತ್ರೆ ತಿಂದವರಿಗೂ ಔಷಧವಿಲ್ಲದ ಹುಸಿ ಮಾತ್ರೆ ತಿಂದವರಿಗೂ ಏನೂ ವ್ಯತ್ಯಾಸ ಇರಲಿಲ್ಲ. ಮುಂದೆ ಅಂಥ ಮಾತ್ರೆಗಳಿಂದ ಪಿತ್ತಜನಕಾಂಗ ಕೆಟ್ಟ ವರದಿಗಳೂ ಬಂದವು. ಆದರೂ ಇಂದಿಗೂ ಅದು ಚಂದದ ಡಬ್ಬಿಯಲ್ಲಿ ಮಾರಾಟಕ್ಕಿದೆ. ತೂಕ ನಿಂತವರ ಹತಾಶೆಯೇ ಈ ವ್ಯಾಪಾರದ ಬಂಡವಾಳ. 2025ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಮೌಂಜಾರೊ, ವೆಗೋವಿ ಚುಚ್ಚುಮದ್ದುಗಳ ಮಾತು ಬೇರೆ; ಅವು ಪರೀಕ್ಷೆಗೆ ನಿಂತ ಔಷಧಗಳು, ಡಾಕ್ಟರು ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳುವಂಥವು. ಅವುಗಳಲ್ಲೂ ತೂಕ ಒಂದು ಹಂತಕ್ಕೆ ನಿಲ್ಲುತ್ತದೆ, ಬಿಟ್ಟರೆ ಬಹುಪಾಲು ಮರಳುತ್ತದೆ. ಗೆಳೆಯನ ಗೆಳೆಯ ತಂದುಕೊಟ್ಟ ಚುಚ್ಚುಮದ್ದು, ಜಿಮ್ಮಿನಲ್ಲಿ ಬಿಲ್ಲಿಲ್ಲದೆ ಕೊಡುವ ಪುಡಿ ಎರಡನ್ನೂ ಮುಟ್ಟಬೇಡಿ.

ಈಗ ನನ್ನ ಬೇಡಿಕೆಗಳು. ಕಷ್ಟದ್ದೇನೂ ಕೇಳುತ್ತಿಲ್ಲ.

ಒಂದು, ತೂಕದ ಮಷಿನ್ನನ್ನು ಅಟ್ಟಕ್ಕೆ ಹಾಕಿ. ನೋಡಲೇಬೇಕೆಂದರೆ ತಿಂಗಳಿಗೊಮ್ಮೆ ನೋಡಿ. ಅದರ ಬದಲು ರಕ್ತದ ಹಿಮೋಗ್ಲೋಬಿನ್, ಸಕ್ಕರೆ, ರಕ್ತದೊತ್ತಡ ವರ್ಷಕ್ಕೊಮ್ಮೆ ತೋರಿಸಿಕೊಳ್ಳಿ. ಹೊಟ್ಟೆಯ ಸುತ್ತಳತೆ ಟೇಪಿನಲ್ಲಿ ನೋಡಬಹುದು. ನಮ್ಮ ದೇಶದವರಿಗೆ ಹೆಂಗಸರಲ್ಲಿ 80, ಗಂಡಸರಲ್ಲಿ 90 ಸೆಂಟಿಮೀಟರಿನ ಗೆರೆ ಹಾಕಿದ್ದಾರೆ. ಸ್ಟೇಷನ್ನಿನ ಮೆಟ್ಟಿಲು ದಮ್ಮು ಕಟ್ಟದೆ ಹತ್ತುತ್ತೀರಾ, ರಾತ್ರಿ ನಿದ್ದೆ ಬರುತ್ತದೆಯೇ, ಮುಟ್ಟು ತಿಂಗಳಿಗೆ ಸರಿಯಾಗಿ ಆಗುತ್ತದೆಯೇ, ಇವೂ ಅಳತೆಗಳೇ.

ಎರಡು, ಊಟ ಬಿಡಬೇಡಿ, ತಟ್ಟೆ ಬದಲಿಸಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿ ಹೇಳುವುದು ಇಷ್ಟು: ತೂಕ ಇಳಿಸಬೇಕಾದವರೂ ವಾರಕ್ಕೆ ಅರ್ಧ ಕೆಜಿಗಿಂತ ಅವಸರ ಮಾಡಬಾರದು, ಸಾವಿರ ಕ್ಯಾಲೊರಿಗಿಂತ ಕೆಳಗಂತೂ ಇಳಿಯಲೇಬಾರದು (ಅದು ಕಟ್ಟಕಡೆಯ ಗೆರೆ, ಗುರಿಯಲ್ಲ), ತಟ್ಟೆಯ ಅರ್ಧ ಭಾಗ ಕಾಯಿಪಲ್ಯ, ಹಣ್ಣು ಇರಬೇಕು. ಇದಕ್ಕೆ ಕ್ವಿನೋವಾ, ಅವಕಾಡೊ ತರಬೇಕಾಗಿಲ್ಲ. ಜೋಳದ ರೊಟ್ಟಿ, ಹೆಸರುಕಾಳು ಮಡಕಿಕಾಳಿನ ಪಲ್ಯ, ಪುಂಡಿಪಲ್ಯ, ಹಸಿ ಮೆಂತ್ಯೆ-ಉಳ್ಳಾಗಡ್ಡಿ, ಗುರೆಳ್ಳು ಹಿಂಡಿ, ಮೊಸರು ಇರುವ ನಮ್ಮ ತಟ್ಟೆಯಲ್ಲಿ ಸ್ನಾಯು ಕಾಯುವ ಪ್ರೋಟೀನೂ ಇದೆ, ನಾರೂ ಇದೆ. ಅನ್ನವನ್ನೂ ವೈರಿ ಮಾಡಬೇಡಿ. ನಮ್ಮೂರಿನ ಕೃಷಿ ಸಂಶೋಧನಾ ಕೇಂದ್ರ ಬತ್ತದ ತಳಿಗಳಿಗೇ ಹೆಸರಾದದ್ದು. 'ಮುಗದ ಸುಗಂಧ' ಎಂದು ಊರ ಹೆಸರನ್ನೇ ಹೊತ್ತ ಪರಿಮಳದ ಅಕ್ಕಿ ಇಲ್ಲಿಯದು. ಎರಡು ಬಟ್ಟಲ ಬದಲು ಒಂದು ಬಟ್ಟಲು ಉಣ್ಣಿ, ಮೇಲೆ ಸಾರು, ಕಾಳು ಹೆಚ್ಚು ಹಾಕಿಕೊಳ್ಳಿ, ಸಾಕು. ಬೆಳಗಿನ ಬಸ್ಸು ತಪ್ಪೀತೆಂದು ಖಾಲಿ ಹೊಟ್ಟೆಯಲ್ಲಿ ಓಡಬೇಡಿ, ಡಬ್ಬಿ ಕಟ್ಟಿಕೊಂಡು ಹೋಗಿ.

ಮೂರು, ಮುಳ್ಳು ಎರಡು ಮೂರು ತಿಂಗಳು ನಿಂತೇ ಇದ್ದರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಇನ್ನೂ ಇಳಿಸುವುದು ನನಗೆ ಬೇಕೇ? ಇದಕ್ಕೆ ಉತ್ತರ ಹೇಳಬೇಕಾದವರು ಡಾಕ್ಟರು. ಕನ್ನಡಿಯಲ್ಲ, ಗೆಳತಿಯರ ಗುಂಪಲ್ಲ. ಥೈರಾಯ್ಡ್, ಪಿಸಿಒಡಿ, ತೆಗೆದುಕೊಳ್ಳುತ್ತಿರುವ ಯಾವುದಾದರೂ ಔಷಧಿ ಕಾರಣವಾಗಿರಬಹುದು, ಅದನ್ನು ಉಪವಾಸದಿಂದ ಗುಣಪಡಿಸಲು ಬರುವುದಿಲ್ಲ. ಏನೂ ತೊಂದರೆ ಇಲ್ಲವೆಂದರೆ ಅಲ್ಲಿಗೇ ನಿಲ್ಲಿ. ಇಳಿದಷ್ಟನ್ನು ಆರು ತಿಂಗಳು ಹಾಗೇ ಉಳಿಸಿಕೊಳ್ಳುವುದೂ ಒಂದು ಸಾಧನೆಯೇ.

ನಾಲ್ಕು, ಮೈಯನ್ನು ಶಿಕ್ಷಿಸಲು ಅಲ್ಲ, ಖುಷಿಗೆ ದುಡಿಸಿ. ಸಂಜೆ ಮುಗದ ಕೆರೆಯ ಕಡೆ ನಾಲ್ಕು ಮಂದಿ ಕೂಡಿ ನಡೆದು ಬನ್ನಿ. ಹೊಲದ ಕೆಲಸ ಇದ್ದರೆ ಅವ್ವ-ಅಪ್ಪನ ಜೊತೆ ಕೈಹಾಕಿ. ನಾಟಿ, ಕಳೆ, ಕೊಯ್ಲಿಗಿಂತ ದೊಡ್ಡ ವ್ಯಾಯಾಮ ಯಾವ ಜಿಮ್ಮಿನಲ್ಲಿದೆ? ಉಂಡದ್ದಕ್ಕೆ ದಂಡ ತೆರಲೆಂದು ಓಡುವವರು ಬಹಳ ದಿನ ಓಡುವುದಿಲ್ಲ.

ಐದು, ಅಪಾಯದ ಗುರುತುಗಳನ್ನು ಅಡಗಿಸಬೇಡಿ. ಮುಟ್ಟು ಮೂರು ತಿಂಗಳು ನಿಂತಿದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತಿದ್ದರೆ, ಉಂಡದ್ದನ್ನು ಬಾತ್‌ರೂಮಿಗೆ ಹೋಗಿ ಕಕ್ಕುತ್ತಿದ್ದರೆ, ಭೇದಿ ಮಾತ್ರೆ ನುಂಗುತ್ತಿದ್ದರೆ, ಊಟದ ಭಯಕ್ಕೆ ಮದುವೆ-ಹಬ್ಬ ತಪ್ಪಿಸುತ್ತಿದ್ದರೆ, ಮನೆಯಲ್ಲಿ "ಉಂಡೇನಿ" ಎಂದು ಸುಳ್ಳು ಹೇಳುತ್ತಿದ್ದರೆ ನೀವು ತೆಳ್ಳಗಿರಿ, ದಪ್ಪಗಿರಿ, ಸಹಾಯ ಬೇಕು. ಬಲವಂತದ ವಾಂತಿಯಿಂದ ರಕ್ತದ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ತಪ್ಪಬಹುದು. ಮುಟ್ಟು ನಿಂತ ತಿಂಗಳುಗಳಲ್ಲಿ ಮೂಳೆ ಸವೆಯುತ್ತದೆ, ಅದೂ ಮೂಳೆ ಗಟ್ಟಿಯಾಗಬೇಕಾದ ವಯಸ್ಸಿನಲ್ಲಿ. ಫೋನಿನಲ್ಲಿ ಮಾತಾಡಲು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲಿಯೇ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. 1845ರಲ್ಲಿ ಆರಂಭವಾದ ಆ ಆಸ್ಪತ್ರೆಯ ಬಗ್ಗೆ ಊರಲ್ಲಿ ಏನೇನೋ ಹಾಸ್ಯದ ಮಾತುಗಳಿವೆ. ಅವನ್ನು ಆಡಿದವರು ನಿಮ್ಮ ಜೊತೆ ರಾತ್ರಿ ಎದ್ದು ಕೂರುವುದಿಲ್ಲ, ಅಲ್ಲಿಯ ಡಾಕ್ಟರು ಕೂರುತ್ತಾರೆ. ಅಲ್ಲಿಗೆ ಹೋಗಲು ನಾಚಬೇಡಿ.

ಆರು, ಇದು ಈ ಪತ್ರ ಓದುವ ಹಿರಿಯರಿಗೂ ಸೇರಿದ್ದು. ನಮ್ಮ ಕಡೆ ಭೇಟಿಯಾದ ಕೂಡಲೇ ಮೈಯ ಮಾತು ತೆಗೆಯುವುದು ಪ್ರೀತಿಯ ರೂಢಿ. ತುಸು ತೆಳ್ಳಗಾದರೆ "ಎಷ್ಟ ಸೊರಗೀಯಲ್ಲೋ, ಮನ್ಯಾಗ ಉಣ್ಣಾಕ ಹಾಕೂದಿಲ್ಲೇನು?", ತುಸು ತುಂಬಿಕೊಂಡರೆ "ಇನ್ನ ವರ ಸಿಗೂದು ಕಷ್ಟ ನೋಡವಾ". ಪ್ರೀತಿಯಿಂದಲೇ ಆಡಿದರೂ ಕೇಳಿದವರ ಎದೆಯಲ್ಲಿ ವರ್ಷಗಟ್ಟಲೆ ಉಳಿಯುವ ಮಾತುಗಳಿವು. ತೂಕ ಇಳಿಸಿದ ಹುಡುಗಿಯನ್ನು ಹೊಗಳುವುದೂ ಬೇಡ. ಆಕೆ ಹೇಗೆ ಇಳಿಸಿದಳೆಂದು ನಿಮಗೆ ಗೊತ್ತಿಲ್ಲ. ಕೇಳಲೇಬೇಕಾದರೆ ಓದು ಹೇಗಿದೆ, ನಿದ್ದೆ ಬರುತ್ತದೆಯೇ, ಯಾರಾದರೂ ಗೆಳೆಯರಾದರೇ ಎಂದು ಕೇಳಿ. ಹೆಣ್ಣು ನೋಡಲು ಬರುವ ಬೀಗರು ಅಡುಗೆಮನೆಯಲ್ಲಿ ಕೂತು ಹುಡುಗಿಯ ಸೊಂಟ ಅಳೆಯುವ ಮಾತು ಆಡಿದರೆ, ಚಹಾ ಕೊಟ್ಟು, ಕೈಮುಗಿದು ಕಳಿಸುವ ಧೈರ್ಯ ಅಪ್ಪ-ಅವ್ವಂದಿರು ಮಾಡಬೇಕು.

ತಂಗಿಯರೇ, ತಮ್ಮಂದಿರೇ, ನೀವು ಊರು ಬಿಟ್ಟು ಧಾರವಾಡಕ್ಕೆ ಹೋಗುವುದು ನಿಮ್ಮ ಮನೆಯಲ್ಲಿ ಯಾರೂ ಓದದ ಪುಸ್ತಕ ಓದಲು, ಯಾರೂ ಹಿಡಿಯದ ನೌಕರಿ ಹಿಡಿಯಲು. ಅದಕ್ಕೆ ಬೇಕಾದ ಗಮನದ ದೊಡ್ಡ ಪಾಲನ್ನು ಸೌತೆಕಾಯಿಯ ಕ್ಯಾಲೊರಿ ಎಣಿಸುವುದರಲ್ಲಿ ಕಳೆಯುವುದು ನಿಮಗೂ ನಷ್ಟ, ಊರಿಗೂ ನಷ್ಟ. ಇವತ್ತು ರಾತ್ರಿ ಊಟದ ಹೊತ್ತಿಗೆ ಹಸಿದಷ್ಟು ಉಣ್ಣಿ. ನಾಳೆ ಬೆಳಿಗ್ಗೆ ಮಷಿನ್ ಹತ್ತದೆ ಬಸ್ಸು ಹತ್ತಿ. ಒಂದು ತಿಂಗಳು ಹೀಗೆ ಮಾಡಿ ನೋಡಿ, ಆಮೇಲೂ ಅನುಮಾನ ಉಳಿದರೆ ನಮ್ಮ ಮನೆಗೆ ಬನ್ನಿ, ವಾದ ಮಾಡೋಣ. ಚಹಾಕ್ಕೆ ಸಕ್ಕರೆ ನಿಮ್ಮನ್ನು ಕೇಳಿಯೇ ಹಾಕುತ್ತೇನೆ.

ಇತಿ ನಿಮ್ಮ ಹಿತ ಬಯಸುವ,
ಒಬ್ಬ ನಿವೃತ್ತ ಶಿಕ್ಷಕಿ
ಮುಗದ, ಧಾರವಾಡ ತಾಲೂಕು